ಮೊದಲ ಎಲೆ ಬಿದ್ದಾಗ ಕೈ ಕಟ್ಟಿ ಕೂರಿ: ಬ್ರಿಡ್ಜ್ ಹೊಸಬರಿಗೆ ಆಟದ ಲೆಕ್ಕ

ರಾಯಚೂರಿನಲ್ಲಿ ‘ನಾನು ಇಸ್ಪೀಟ್ ಆಡ್ತೀನಿ’ ಅಂತ ಹೇಳಿ ನೋಡಿ. ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಹೇಳಿದವಳು ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸಾದರೆ ಮುಗಿದೇ ಹೋಯಿತು. ತಪ್ಪು ಅವರದಲ್ಲ ಬಿಡಿ. ನಮ್ಮ ಕಡೆ ಇಸ್ಪೀಟ್ ಅಂದರೆ ಅಂದರ್ ಬಾಹರ್, ಪೊಲೀಸ್ ದಾಳಿ, ಮರುದಿನ ಪೇಪರಿನ ಮೂಲೆಯಲ್ಲಿ ಸಣ್ಣ ಸುದ್ದಿ. ಬ್ರಿಡ್ಜ್‌ನಲ್ಲೂ ಅದೇ 52 ಎಲೆ, ಆದರೆ ದುಡ್ಡು ಕಟ್ಟುವ ಅಗತ್ಯವೇ ಇಲ್ಲ. ಹಾಗೆ ಅನುಮಾನದಿಂದ ನೋಡುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿವನಾಥ್ ಸರ್ಕಾರ್ ಜೋಡಿ ಇದೇ ಆಟದಲ್ಲಿ ಭಾರತಕ್ಕೆ ಚಿನ್ನ ತಂದಿತು. ಆಗ ಬರ್ಧನ್ ಅವರಿಗೆ 60 ವರ್ಷ. ಓಡುವ, ಜಿಗಿಯುವ ಆಟದಲ್ಲಿ ಇದು ಆಗುವ ಮಾತಾ?

ಬಿಡ್ ಮಾಡುವುದನ್ನು ಅಷ್ಟಿಷ್ಟು ಕಲಿತು, ‘ಈಗ ಎಲೆ ಆಡೋದು ಹೇಗೆ’ ಅಂತ ಕೈಕಾಲು ಬಿಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಸಲ ನೆನಪು ಮಾಡಿಕೊಳ್ಳೋಣ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, ತಲೆಗೆ 13 ಎಲೆ. ನಾಲ್ಕು ಎಲೆ ಬಿದ್ದು ಒಬ್ಬರು ಎತ್ತಿಕೊಂಡರೆ ಒಂದು ಟ್ರಿಕ್. ಬಿಡ್‌ನಲ್ಲಿ ಹೇಳಿದ ಅಂಕಿಗೆ ಆರು ಕೂಡಿಸಿದಷ್ಟು ಟ್ರಿಕ್ ತೆಗೆಯುವುದು ಕಾಂಟ್ರಾಕ್ಟ್. ಮೂರು ನೋ ಟ್ರಂಪ್, ಅಂದರೆ ಬೇರೆ ಜಾತಿಗಳನ್ನು ಹೊಡೆಯುವ ತುರುಫು ಜಾತಿಯೇ ಇಲ್ಲದ ಆಟ, ಆದರೆ 9. ನಾಲ್ಕು ಇಸ್ಪೀಟು, ಅಂದರೆ ಇಸ್ಪೀಟೇ ತುರುಫು, ಆದರೆ 10. ಕಾಂಟ್ರಾಕ್ಟ್ ನಿಮ್ಮದಾದರೆ ನಿಮ್ಮ ಎಡಗಡೆಯವರು ಮೊದಲ ಎಲೆ ಆಡುತ್ತಾರೆ. ಆಮೇಲೆ ನಿಮ್ಮ ಜೋಡಿ ತನ್ನ 13 ಎಲೆಗಳನ್ನೂ ಮೇಜಿನ ಮೇಲೆ ಬಿಚ್ಚಿಡುತ್ತಾರೆ. ಅದೇ ಡಮ್ಮಿ. ಅಲ್ಲಿಂದ ಎರಡು ಕೈಯ ಆಟವೂ ನಿಮ್ಮದೇ. ಇನ್ನೊಂದು ಮಾತು: ನಮ್ಮಲ್ಲಿ ಇಡೀ ಕಟ್ಟಿಗೂ ಇಸ್ಪೀಟು ಅಂತಾರೆ, ಅದರೊಳಗಿನ ಒಂದು ಕಪ್ಪು ಜಾತಿಗೂ ಇಸ್ಪೀಟು ಅಂತಾರೆ. ಇನ್ನು ಮುಂದೆ ನಾನು ಇಸ್ಪೀಟು ಅಂದರೆ ಆ ಜಾತಿ. ಉಳಿದವು ಆಟೀನು, ಡೈಮಂಡ್, ಕಳಾವರ್.

ನನ್ನ ಅವಸರದ ಕಥೆ

ನನಗೆ ಈ ಆಟ ಕಲಿಸಿದವರು ನಮ್ಮ ಓಣಿಯ ಒಬ್ಬ ನಿವೃತ್ತ ಇಂಜಿನಿಯರ್. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಕೆಲಸ ಮಾಡಿದವರು. ನಾವೆಲ್ಲ ಅವರನ್ನು ಸಾಹೇಬ್ರು ಅಂತಲೇ ಕರೆಯುತ್ತೇವೆ. ಬೇಸಿಗೆಯಲ್ಲಿ ಹಗಲು 42 ಡಿಗ್ರಿ, ಮನೆಯೊಳಗೆ ಕೂರಲಾಗದು. ಸಂಜೆ ಅವರ ಮನೆ ಮಾಳಿಗೆ ಮೇಲೆ ನೀರು ಹೊಡೆದು, ಚಾಪೆ ಹಾಸಿ ಕೂರುತ್ತಿದ್ದೆವು. ಒಂದು ದಿನ ನಾನು ಮೂರು ನೋ ಟ್ರಂಪ್ ಆಡಬೇಕಾಗಿ ಬಂತು. ಎಡಗಡೆಯವರು ಇಸ್ಪೀಟು ರಾಣಿ ಹಾಕಿದರು. ಎಲೆಗಳು ಹೀಗಿದ್ದವು:

ಡಮ್ಮಿ
ಇಸ್ಪೀಟು: ರಾಜ, 6
ಆಟೀನು: 8, 5, 3
ಡೈಮಂಡ್: ರಾಣಿ, ಗುಲಾಮ, 10, 9, 4
ಕಳಾವರ್: 7, 4, 2

ನನ್ನ ಕೈ
ಇಸ್ಪೀಟು: ಎಕ್ಕ, 8, 3
ಆಟೀನು: ಎಕ್ಕ, ರಾಜ, 6, 4
ಡೈಮಂಡ್: ರಾಜ, 5
ಕಳಾವರ್: ಎಕ್ಕ, ರಾಜ, 6, 3

ರಾಣಿ ಬಿತ್ತು, ಡಮ್ಮಿಯಲ್ಲಿ ರಾಜ ಕಂಡ. ‘ರಾಜ’ ಅಂದುಬಿಟ್ಟೆ. ಎರಡು ಸೆಕೆಂಡೂ ಆಗಿರಲಿಲ್ಲ. ಟ್ರಿಕ್ ಬಂತು, ಖುಷಿಯಾಯಿತು. ಆಮೇಲೆ ಡೈಮಂಡ್ 4 ಆಡಿ ನನ್ನ ರಾಜನನ್ನು ಹಾಕಿದೆ. ಎದುರಾಳಿಗಳು ಎಕ್ಕ ಬಿಡಲಿಲ್ಲ, ಸಣ್ಣೆಲೆ ಹಾಕಿ ಸುಮ್ಮನಿದ್ದರು. ನನ್ನ 5ನ್ನು ಡಮ್ಮಿಯ ರಾಣಿ ಕಡೆ ಆಡಿದೆ. ಆಗ ಎಕ್ಕ ಬಿತ್ತು. ಡಮ್ಮಿಯಲ್ಲಿ ಗುಲಾಮ, 10, 9 ಮೂರೂ ಗೆಲ್ಲುವ ಎಲೆಗಳಾಗಿ ಮಲಗಿದ್ದವು. ಆದರೆ ಅಲ್ಲಿಗೆ ಹೋಗುವ ದಾರಿಯೇ ಇರಲಿಲ್ಲ. ಇಸ್ಪೀಟು ರಾಜ ಒಬ್ಬನೇ ಆ ದಾರಿ, ಅವನನ್ನು ಮೊದಲ ಎಲೆಗೇ ಖರ್ಚು ಮಾಡಿ ಕೂತಿದ್ದೆ. ಏಳೇ ಟ್ರಿಕ್, ಎರಡು ಕಡಿಮೆ.

ಸಾಹೇಬ್ರು ಬೈಯಲಿಲ್ಲ. ಚಹಾ ಗ್ಲಾಸು ಕೆಳಗಿಟ್ಟು, ‘ಏನ್ ಅವಸರ ಐತ್ರಿ ಮೇಡಮ್ಮ? ಗೇಟ್ ಎತ್ತೂಕಿಂತ ಮೊದ್ಲ ಕಾಲುವಿ ಕೊನಿ ತನಕ ನೋಡಿ ಬರಬೇಕ್ರಿ’ ಅಂದರು.

ಕಾಲುವೆಯ ಮಾತು ಯಾಕೆ ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಡ್ಯಾಮ್‌ನಲ್ಲಿ ನೀರಿರುತ್ತದೆ, ಮೇಲ್ಭಾಗದಲ್ಲಿ ಭತ್ತ ತೂಗುತ್ತಿರುತ್ತದೆ, ಮಾನ್ವಿ, ಸಿರವಾರದ ಕೆಳಭಾಗದ ಹೊಲಕ್ಕೆ ಮಾತ್ರ ಹನಿ ನೀರು ಮುಟ್ಟಿರುವುದಿಲ್ಲ. ಬ್ರಿಡ್ಜ್ ಆಟಗಾರರು ಎಂಟ್ರಿ ಅನ್ನುವುದು ಇದಕ್ಕೇ: ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವ ಎಲೆ, ಅಂದರೆ ತೂಬು. ಡೈಮಂಡ್ ಹೊಲ ಡಮ್ಮಿಯಲ್ಲಿತ್ತು, ತೂಬು ಇಸ್ಪೀಟು ರಾಜ. ಮೊದಲ ಟ್ರಿಕ್ಕನ್ನು ನನ್ನ ಕೈಯ ಎಕ್ಕದಿಂದ ತೆಗೆದು ರಾಜನನ್ನು ಉಳಿಸಿಕೊಂಡಿದ್ದರೆ ಡೈಮಂಡ್‌ನಲ್ಲಿ ನಾಲ್ಕು, ಉಳಿದ ಮೂರು ಜಾತಿಯಲ್ಲಿ ತಲಾ ಎರಡು, ಒಟ್ಟು 10 ಟ್ರಿಕ್ ಬರುತ್ತಿದ್ದವು. ಎದುರಾಳಿಗಳು ಡೈಮಂಡ್ ಎಕ್ಕವನ್ನು ಎಷ್ಟನೇ ಸಲಕ್ಕೆ ಬಿಟ್ಟರೂ ಇದೇ ಲೆಕ್ಕ.

ಮೊದಲ ಕೆಲಸ: ಏನೂ ಆಡದಿರುವುದು

ಡಮ್ಮಿ ಬಿಚ್ಚಿದ ಕೂಡಲೇ ನಿಮ್ಮ ಎಲೆಗಳನ್ನು ಮಡಚಿ ಮೇಜಿನ ಮೇಲೆ ಬೋರಲು ಇಡಿ. ತಮಾಷೆಗೆ ಹೇಳುತ್ತಿಲ್ಲ. ಕೈಯಲ್ಲಿ ಎಲೆ ಇದ್ದರೆ ಬೆರಳು ಸುಮ್ಮನಿರುವುದಿಲ್ಲ. ಡಮ್ಮಿಯಲ್ಲಿ ಆಡಲು ಒಂದೇ ಎಲೆ ಇದ್ದರೂ, ಯಾವ ಎಲೆ ಆಡಬೇಕು ಅಂತ ಕಣ್ಣಿಗೆ ರಾಚುವಂತಿದ್ದರೂ ನಿಲ್ಲಿ. ‘ಇಷ್ಟೊತ್ತು ಕಾಯಿಸಿದರೆ ಏನಂದುಕೊಳ್ತಾರೋ’ ಅನ್ನುವ ಸಂಕೋಚ ಬೇಡ. ಮೊದಲ ಟ್ರಿಕ್ಕಿನಲ್ಲಿ ಯೋಚನೆ ಮಾಡುವುದು ಈ ಆಟದಲ್ಲಿ ಒಪ್ಪಿತ ರೂಢಿ. ಅಲ್ಲಿ ಒಂದು ನಿಮಿಷ ಯೋಚಿಸಿ ಆಮೇಲೆ ಸರಸರ ಆಡುವವರನ್ನು ಎಲ್ಲರೂ ಇಷ್ಟಪಡುತ್ತಾರೆ. ಸರಸರ ಶುರುಮಾಡಿ ಎಂಟನೇ ಟ್ರಿಕ್ಕಿನಲ್ಲಿ ತಲೆ ಹಿಡಿದು ಕೂರುವವರಿಂದಲೇ ಬೇಜಾರು.

ಆ ಒಂದು ನಿಮಿಷದಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು. ನನಗೆ ಎಷ್ಟು ಟ್ರಿಕ್ ಬೇಕು? ಈಗಲೇ ಎಷ್ಟಿವೆ? ಉಳಿದವು ಎಲ್ಲಿಂದ ಬರುತ್ತವೆ? ಅಷ್ಟರೊಳಗೆ ಎದುರಾಳಿಗಳು ನನಗೆ ಏನು ಕೇಡು ಮಾಡಬಲ್ಲರು? ಕೊನೆಯದಾಗಿ, ದಾಟುವ ದಾರಿ ಇದೆಯಾ? ಹೊಸಬರು ಮೊದಲೆರಡನ್ನು ಕೇಳಿಕೊಳ್ಳುತ್ತಾರೆ. ಕೈ ಸೋಲುವುದು ಮಾತ್ರ ಜಾಸ್ತಿ ಕೊನೆಯ ಎರಡರಲ್ಲಿ.

ಎಡಗಡೆಯವರು ಹಾಕಿದ ಮೊದಲ ಎಲೆಯೂ ಒಂದು ಸುದ್ದಿಯೇ. ರಾಜ ಹಾಕಿದರೆ ಸಾಮಾನ್ಯವಾಗಿ ಹಿಂದೆ ರಾಣಿ ಇರುತ್ತಾಳೆ. ರಾಣಿ ಹಾಕಿದರೆ ಹಿಂದೆ ಗುಲಾಮ. ನೋ ಟ್ರಂಪ್‌ನಲ್ಲಿ ಸಣ್ಣೆಲೆ ಹಾಕಿದರೆ ಅದು ಬಹುತೇಕ ಅವರ ಉದ್ದ ಜಾತಿಯಲ್ಲಿ ಮೇಲಿನಿಂದ ನಾಲ್ಕನೆಯದು. ಅದಕ್ಕೊಂದು ಚಂದದ ಲೆಕ್ಕವಿದೆ, ಹನ್ನೊಂದರ ನಿಯಮ ಅಂತ. ಆ ಎಲೆಯ ಅಂಕಿಯನ್ನು 11ರಲ್ಲಿ ಕಳೆಯಿರಿ. ಉಳಿದಷ್ಟು ಎಲೆಗಳು ಅದಕ್ಕಿಂತ ದೊಡ್ಡವು, ಅವು ಡಮ್ಮಿ, ನೀವು, ಬಲಗಡೆಯವರು ಈ ಮೂವರ ಕೈಯಲ್ಲಿವೆ. ಎಡಗಡೆಯವರು 7 ಹಾಕಿದರು ಅನ್ನಿ. 11ರಲ್ಲಿ 7 ಹೋದರೆ 4. ಡಮ್ಮಿಯಲ್ಲಿ ರಾಜ, 8, 3 ಇದೆ, ನಿಮ್ಮಲ್ಲಿ ಎಕ್ಕ, 10, 5. ರಾಜ, 8, ಎಕ್ಕ, 10 ಸೇರಿ ನಾಲ್ಕೂ ನಿಮ್ಮಲ್ಲೇ ಇವೆ. ಅಂದರೆ ಬಲಗಡೆಯವರ ಹತ್ತಿರ 7ಕ್ಕಿಂತ ದೊಡ್ಡದು ಒಂದೂ ಇಲ್ಲ. ಡಮ್ಮಿಯಿಂದ ಧೈರ್ಯವಾಗಿ 8 ಹಾಕಿ, ಅದೇ ಗೆಲ್ಲುತ್ತದೆ. ಮೊದಲ ಸಲ ಇದು ಕೆಲಸ ಮಾಡಿದಾಗ ನನಗೆ ಮಾಟ ಮಾಡಿದಷ್ಟು ಖುಷಿಯಾಗಿತ್ತು.

ನೋ ಟ್ರಂಪ್: ಗೆಲ್ಲುವ ಎಲೆ ಎಣಿಸಿ

ತುರುಫು ಇಲ್ಲದ ಆಟದಲ್ಲಿ ಕೈಯಲ್ಲಿರುವ ಖಚಿತ ಟ್ರಿಕ್‌ಗಳನ್ನು ಎಣಿಸಬೇಕು. ಖಚಿತ ಅಂದರೆ ಎದುರಾಳಿಗಳಿಗೆ ಒಂದೂ ಟ್ರಿಕ್ ಕೊಡದೆ ಈಗಲೇ ತೆಗೆಯಬಹುದಾದವು. ಎಕ್ಕ ಇಲ್ಲದ ಜಾತಿಯಲ್ಲಿ ಖಚಿತ ಟ್ರಿಕ್ ಸೊನ್ನೆ. ರಾಜ, ರಾಣಿ, ಗುಲಾಮ ಸಾಲಾಗಿ ನಿಂತಿದ್ದರೂ ಸೊನ್ನೆಯೇ. ಈ ಕೈ ನೋಡಿ. ಮೂರು ನೋ ಟ್ರಂಪ್, 9 ಟ್ರಿಕ್ ಬೇಕು. ಎಡಗಡೆಯವರು ಇಸ್ಪೀಟು ರಾಜ ಹಾಕಿದ್ದಾರೆ.

ಡಮ್ಮಿ
ಇಸ್ಪೀಟು: 8, 5
ಆಟೀನು: ಎಕ್ಕ, 6, 3
ಡೈಮಂಡ್: ರಾಜ, ರಾಣಿ, 10, 9, 4
ಕಳಾವರ್: 8, 7, 3

ನೀವು
ಇಸ್ಪೀಟು: ಎಕ್ಕ, 7, 4
ಆಟೀನು: ರಾಜ, ರಾಣಿ, 5
ಡೈಮಂಡ್: ಗುಲಾಮ, 7, 3
ಕಳಾವರ್: ಎಕ್ಕ, ರಾಜ, 6, 2

ಎಣಿಸಿ. ಇಸ್ಪೀಟು ಒಂದು, ಆಟೀನು ಮೂರು, ಕಳಾವರ್ ಎರಡು, ಡೈಮಂಡ್ ಸೊನ್ನೆ. ಒಟ್ಟು ಆರು. ಇನ್ನೂ ಮೂರು ಬೇಕು. ಎಲ್ಲಿಂದ? ಡೈಮಂಡ್‌ನಿಂದಲೇ. ಎಕ್ಕವನ್ನು ಹೊರಗೆ ಹಾಕಿಸಿದರೆ ನಾಲ್ಕು ಟ್ರಿಕ್ ಗ್ಯಾರಂಟಿ ಅನ್ನುವಷ್ಟು ಗಟ್ಟಿ ಜಾತಿ ಅದು. ಆದರೆ ಎದುರಾಳಿಗಳಿಗೆ ಒಂದು ಸಲ ಕೈ ಕೊಡಬೇಕು. ಆಗ ಅವರು ಏನು ಮಾಡುತ್ತಾರೆ? ಇಸ್ಪೀಟು ಹೊಡೆಯುತ್ತಾರೆ. ಕೇಡು ಇರುವುದು ಅಲ್ಲಿ.

ಹೊರಗೆ ಎಂಟು ಇಸ್ಪೀಟು ಇವೆ. ಎಡಗಡೆ ಐದು, ಬಲಗಡೆ ಮೂರು ಇವೆ ಅಂತಿಟ್ಟುಕೊಳ್ಳಿ. ಮೊದಲ ರಾಜನನ್ನೇ ಎಕ್ಕದಿಂದ ಹೊಡೆದು ಡೈಮಂಡ್ ಆಡಿದಿರಿ. ಡೈಮಂಡ್ ಎಕ್ಕ ಬಲಗಡೆಯವರದು. ಅವರ ಕೈಯಲ್ಲಿ ಇನ್ನೂ ಎರಡು ಇಸ್ಪೀಟು ಉಳಿದಿವೆ. ಒಂದನ್ನು ಜೋಡಿಗೆ ತಲುಪಿಸುತ್ತಾರೆ. ಎಡಗಡೆಯವರು ನಾಲ್ಕು ಇಸ್ಪೀಟು ತೆಗೆಯುತ್ತಾರೆ. ನಾಲ್ಕು, ಜೊತೆಗೆ ಡೈಮಂಡ್ ಎಕ್ಕ. ಐದು ಹೋದವು, ಕಾಂಟ್ರಾಕ್ಟ್ ಬಿತ್ತು.

ಅದಕ್ಕೇ ಎಕ್ಕವನ್ನು ತಡೆದಿಡಿ. ಮೊದಲ ಸಲ ರಾಜ ಬಿದ್ದಾಗ ಸಣ್ಣೆಲೆ ಹಾಕಿ. ಎರಡನೇ ಸಲ ರಾಣಿ ಬಂದಾಗಲೂ ಸಣ್ಣೆಲೆ. ಎರಡು ಟ್ರಿಕ್ ಹೋಗುತ್ತಿದ್ದರೆ ಹೊಟ್ಟೆ ಉರಿಯುತ್ತದೆ, ಗೊತ್ತು. ಮೂರನೇ ಸಲ ಎಕ್ಕದಿಂದ ತೆಗೆಯಿರಿ, ಡಮ್ಮಿಯಿಂದ ಒಂದು ಕಳಾವರ್ ಎಸೆಯಿರಿ. ಈಗ ಬಲಗಡೆಯವರ ಹತ್ತಿರ ಇಸ್ಪೀಟೇ ಇಲ್ಲ. ಡೈಮಂಡ್ ಎಕ್ಕ ಅವರ ಕೈಯಲ್ಲಿದ್ದರೆ ಬರಲಿ, ಜೋಡಿಗೆ ದಾಟಿಸಲು ಇಸ್ಪೀಟು ಇಲ್ಲವಲ್ಲ! ಮೇಲೆ ನೀರು ತುಂಬಿದೆ, ಗೇಟಿಗೆ ಬೀಗ ಬಿದ್ದಿದೆ. ಈ ಸಲ ಬೀಗ ಹಾಕಿದವರು ನೀವು.

ಎಷ್ಟು ಸಲ ತಡೆಯಬೇಕು ಅನ್ನುವುದಕ್ಕೂ ಒಂದು ಸುಲಭ ಲೆಕ್ಕವಿದೆ. ಆ ಜಾತಿಯಲ್ಲಿ ನಿಮ್ಮ ಎರಡೂ ಕೈ ಸೇರಿ ಎಷ್ಟು ಎಲೆ ಇವೆಯೋ ಅದನ್ನು 7ರಲ್ಲಿ ಕಳೆಯಿರಿ. ಇಲ್ಲಿ ಮೂರು ಮತ್ತು ಎರಡು, ಐದು. 7ರಲ್ಲಿ 5 ಹೋದರೆ 2. ಎರಡು ಸಲ ತಡೆಯಿರಿ. ಕಣ್ಣು ಮುಚ್ಚಿ ನಂಬುವ ಸೂತ್ರವಲ್ಲ, ಆದರೆ ನೋ ಟ್ರಂಪ್‌ನಲ್ಲಿ ಎಕ್ಕ ಒಂದೇ ಕಾವಲಿಗೆ ಇದ್ದಾಗ ಹೊಸಬರ ಕೈ ಹಿಡಿಯುತ್ತದೆ.

ಮುಂದೆ ಡೈಮಂಡ್. ಮೊದಲು ನಿಮ್ಮ ಕೈಯ ಗುಲಾಮನನ್ನು ಆಡಿ. ಎಲೆ ಕಡಿಮೆ ಇರುವ ಕೈಯ ದೊಡ್ಡೆಲೆ ಮೊದಲು ಖಾಲಿಯಾಗಬೇಕು. ಇಲ್ಲದಿದ್ದರೆ ಅದೇ ದಾರಿಗೆ ಅಡ್ಡ ಕೂರುತ್ತದೆ. ಬಲಗಡೆಯವರು ಜಾಣರಾದರೆ ಎಕ್ಕವನ್ನು ಮೂರನೇ ಸಲದ ತನಕ ಬಿಡುವುದಿಲ್ಲ. ಆಗ ನಿಮ್ಮ ಕೈಯಲ್ಲಿ ಡೈಮಂಡ್ ಮುಗಿದಿರುತ್ತದೆ. ಡಮ್ಮಿಗೆ ಹೋಗಲು ಉಳಿಯುವುದು ಆಟೀನು ಎಕ್ಕ ಒಂದೇ. ಹಾಗಾಗಿ ಅವರು ಆಟೀನು ಆಡಿದರೆ ಕೈಯಲ್ಲಿರುವ ರಾಜನಿಂದ ತೆಗೆಯಿರಿ, ಡಮ್ಮಿಯ ಎಕ್ಕವನ್ನು ಮುಟ್ಟಬೇಡಿ. ಕೊನೆಗೆ ಅದರಿಂದ ಡಮ್ಮಿಗೆ ಹೋಗಿ ಎರಡು ಡೈಮಂಡ್ ತೆಗೆದುಕೊಳ್ಳಿ. ಇಸ್ಪೀಟು ಒಂದು, ಆಟೀನು ಮೂರು, ಡೈಮಂಡ್ ನಾಲ್ಕು, ಕಳಾವರ್ ಎರಡು. 10 ಟ್ರಿಕ್.

ಡೈಮಂಡ್ ಎಕ್ಕ ಎಡಗಡೆಯವರ ಹತ್ತಿರವೇ ಇದ್ದರೆ? ಇಸ್ಪೀಟು ಐದು-ಮೂರು ಹಂಚಿದ್ದರೆ ಈ ದಾರಿಯಲ್ಲಿ ಕಾಂಟ್ರಾಕ್ಟ್ ಬೀಳುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಗೆಲ್ಲಬಹುದಾದ ಹಂಚಿಕೆ ಬಂದಾಗ ಗೆಲ್ಲುವ ಹಾಗೆ ಆಡುವುದಷ್ಟೇ ನಮ್ಮ ಕೈಯಲ್ಲಿರುವುದು.

ತುರುಫಿನ ಆಟ: ಸೋಲುವ ಎಲೆ ಎಣಿಸಿ

ತುರುಫು ಇದ್ದಾಗ ಎಣಿಕೆಯನ್ನು ತಿರುಗಿಸಿ. ತುರುಫು ಉದ್ದವಿರುವ ಕೈ ಹಿಡಿದು, ಸಾಮಾನ್ಯವಾಗಿ ಅದು ನಿಮ್ಮದೇ, ಎಷ್ಟು ಎಲೆ ಸೋಲುತ್ತವೆ ನೋಡಿ. ನಾಲ್ಕು ಇಸ್ಪೀಟು ಕಾಂಟ್ರಾಕ್ಟ್ ಆದರೆ ಮೂರು ಸೋಲಬಹುದು, ನಾಲ್ಕನೆಯದು ಸೋತರೆ ಮುಗಿಯಿತು. ಎಡಗಡೆಯವರು ಕಳಾವರ್ ರಾಣಿ ಹಾಕಿದ್ದಾರೆ.

ಡಮ್ಮಿ
ಇಸ್ಪೀಟು: ರಾಜ, 9, 3
ಆಟೀನು: 7, 2
ಡೈಮಂಡ್: ಎಕ್ಕ, 8, 6, 4
ಕಳಾವರ್: ಎಕ್ಕ, 9, 6, 3

ನೀವು
ಇಸ್ಪೀಟು: ಎಕ್ಕ, ರಾಣಿ, ಗುಲಾಮ, 10, 5
ಆಟೀನು: ಎಕ್ಕ, 8, 4
ಡೈಮಂಡ್: ರಾಜ, 7, 2
ಕಳಾವರ್: 8, 5

ತುರುಫಿನಲ್ಲಿ ಸೋಲಿಲ್ಲ. ಆಟೀನಿನಲ್ಲಿ ಎಕ್ಕ ಗೆದ್ದ ಮೇಲೆ ಎರಡು ಸೋಲು. ಡೈಮಂಡ್ ಒಂದು, ಕಳಾವರ್ ಒಂದು. ಒಟ್ಟು ನಾಲ್ಕು. ಒಂದು ಜಾಸ್ತಿ. ಅದನ್ನು ಎಲ್ಲಿ ಇಳಿಸುತ್ತೀರಿ?

ಡಮ್ಮಿಯಲ್ಲಿ ಆಟೀನು ಎರಡೇ ಇರುವುದನ್ನು ಗಮನಿಸಿದಿರಾ? ನಿಮ್ಮ ಕೈಯಲ್ಲಿ ಮೂರು. ಎರಡು ಸುತ್ತು ಆಟೀನು ಆಡಿದರೆ ಡಮ್ಮಿಯಲ್ಲಿ ಆಟೀನು ಖಾಲಿ. ಮೂರನೆಯದನ್ನು ಡಮ್ಮಿಯ ತುರುಫಿನಿಂದ ಹೊಡೆಯಬಹುದು. ಸೋಲು ಮೂರಕ್ಕೆ ಇಳಿಯಿತು.

ಇಲ್ಲೇ ಹೊಸಬರು ಎಡವುತ್ತಾರೆ. ‘ಮೊದಲು ತುರುಫು ಎಳೆದುಬಿಡಿ’, ಅಂದರೆ ತುರುಫನ್ನೇ ಆಡುತ್ತಾ ಎದುರಾಳಿಗಳ ತುರುಫು ಖಾಲಿ ಮಾಡಿಸಿ, ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಮೂರು ಸುತ್ತು ತುರುಫು ಎಳೆದರೆ ಡಮ್ಮಿಯ ಮೂರೂ ತುರುಫು ಅದರಲ್ಲೇ ಹೋದವು. ಮೂರನೇ ಆಟೀನನ್ನು ಹೊಡೆಯಲು ಏನು ಉಳಿಯಿತು? ಡಮ್ಮಿಯ ತುರುಫಿಗೆ ಕೆಲಸ ಇದ್ದರೆ ಆ ಕೆಲಸ ಮೊದಲು, ಎಳೆಯುವುದು ಆಮೇಲೆ. ಕೆಲಸ ಇಲ್ಲದಿದ್ದರೆ ತಡ ಮಾಡದೆ ಎಳೆಯಿರಿ, ಇಲ್ಲದಿದ್ದರೆ ನಿಮ್ಮ ಎಕ್ಕ, ರಾಜರನ್ನೇ ಎದುರಾಳಿಗಳ ಪುಟ್ಟ ತುರುಫು ನುಂಗುತ್ತದೆ. ಯಾವಾಗಲೂ ಎಳೆಯಬೇಕು ಅಂತಲೂ ಇಲ್ಲ, ಯಾವತ್ತೂ ಎಳೆಯಬಾರದು ಅಂತಲೂ ಇಲ್ಲ. ಸೋಲುವ ಎಲೆ ಎಣಿಸಿದ ಮೇಲೆ ಉತ್ತರ ತಾನಾಗಿ ಸಿಗುತ್ತದೆ.

ಆಡುವ ಕ್ರಮ ಹೀಗೆ. ಕಳಾವರ್ ಎಕ್ಕದಿಂದ ತೆಗೆಯಿರಿ. ಡಮ್ಮಿಯಿಂದ ಆಟೀನು ಆಡಿ ನಿಮ್ಮ ಎಕ್ಕ ಹಾಕಿ. ಇನ್ನೊಂದು ಆಟೀನು ಆಡಿ ಟ್ರಿಕ್ ಬಿಟ್ಟುಕೊಡಿ. ಎದುರಾಳಿಗಳು ಬುದ್ಧಿವಂತರಾದರೆ ನಿಮ್ಮ ಪ್ಲಾನ್ ಅರ್ಥ ಮಾಡಿಕೊಂಡು ತುರುಫು ಆಡುತ್ತಾರೆ. ಡಮ್ಮಿಯಿಂದ 3 ಹಾಕಿ, ಕೈಯ ಎಕ್ಕದಿಂದ ತೆಗೆಯಿರಿ. ಈಗ ಮೂರನೇ ಆಟೀನು ಆಡಿ ಡಮ್ಮಿಯಲ್ಲಿ ಹೊಡೆಯಿರಿ. ಯಾವುದರಿಂದ, 9ರಿಂದಲೋ ರಾಜನಿಂದಲೋ? ರಾಜನಿಂದ. ಹೊರಗಿನ ತುರುಫಿನಲ್ಲಿ 8ಕ್ಕಿಂತ ದೊಡ್ಡದಿಲ್ಲ, ಹಾಗಾಗಿ ಬಲಗಡೆಯವರಿಗೆ ಆಟೀನು ಖಾಲಿಯಾಗಿದ್ದರೂ ಎರಡರ ಮೇಲೂ ಹೊಡೆಯಲು ಅವರಿಂದ ಆಗದು, ಆದರೆ 9 ಉಳಿದರೆ ಅದರಿಂದಲೇ ಕೈಗೆ ಬರಬಹುದು. ನಿಮ್ಮ ಕೈಯಲ್ಲಿ ರಾಣಿ, ಗುಲಾಮ, 10 ಇರುವಾಗ ರಾಜನನ್ನು ಖರ್ಚು ಮಾಡಿದರೆ ನಷ್ಟವೇನೂ ಇಲ್ಲ. ಆಮೇಲೆ ಡಮ್ಮಿಯ 9ನ್ನು ಆಡಿ ಕೈಗೆ ಬನ್ನಿ, ಉಳಿದ ತುರುಫು ಎಳೆಯಿರಿ. ಒಂದು ಡೈಮಂಡ್, ಒಂದು ಕಳಾವರ್ ಕೊಡಬೇಕು, ಕೊಡಿ. 10 ಟ್ರಿಕ್ ಆಯಿತು.

ಅದೃಷ್ಟಕ್ಕೂ ಲೆಕ್ಕ ಇದೆ

ಕೆಲವು ಕೈಗಳಲ್ಲಿ ಎಷ್ಟು ಯೋಚಿಸಿದರೂ ಒಂದು ಟ್ರಿಕ್ ಕಡಿಮೆ ಬೀಳುತ್ತದೆ. ಅದನ್ನು ಅದೃಷ್ಟದಿಂದಲೇ ತರಬೇಕು. ಆಗ ಯಾವ ಅದೃಷ್ಟ ಜಾಸ್ತಿ ನಂಬಿಕಸ್ಥ ಅಂತ ಗೊತ್ತಿರಬೇಕು.

ಫಿನೆಸ್ ಅಂದರೆ ಅರ್ಧಕ್ಕರ್ಧ. ಡಮ್ಮಿಯಲ್ಲಿ ಎಕ್ಕ, ರಾಣಿ ಇದೆ, ರಾಜ ಹೊರಗಿದ್ದಾನೆ. ನಿಮ್ಮ ಕೈಯಿಂದ ಸಣ್ಣೆಲೆ ಆಡಿ, ಎಡಗಡೆಯವರು ರಾಜ ಹಾಕದಿದ್ದರೆ ರಾಣಿ ಹಾಕಿ. ರಾಜ ಎಡಗಡೆ ಇದ್ದರೆ ಗೆದ್ದಿರಿ, ಬಲಗಡೆ ಇದ್ದರೆ ಸೋತಿರಿ. ಇಂಥ ಕಡೆ ಸಾಮಾನ್ಯವಾಗಿ ದೊಡ್ಡೆಲೆಯ ಕಡೆಗೆ ಆಡಬೇಕು, ದೊಡ್ಡೆಲೆಯನ್ನು ಆಡಬಾರದು. ಡಮ್ಮಿಯಲ್ಲಿ ಎಕ್ಕ ಮತ್ತು ಎರಡು ಸಣ್ಣೆಲೆ, ಕೈಯಲ್ಲಿ ರಾಣಿ ಮತ್ತು ಎರಡು ಸಣ್ಣೆಲೆ ಇದ್ದಾಗ ರಾಣಿಯನ್ನು ಎತ್ತಿ ಹಾಕುವ ಚಟ ಬಹಳ ಜನಕ್ಕಿದೆ. ಗುಲಾಮ ನಿಮ್ಮ ಹತ್ತಿರ ಇಲ್ಲದೆ ರಾಣಿ ಹಾಕಿದರೆ ಏನೂ ಸಿಗದು. ಎಕ್ಕ ತೆಗೆದು, ಡಮ್ಮಿಯಿಂದ ಸಣ್ಣೆಲೆಯನ್ನು ರಾಣಿ ಕಡೆಗೆ ಆಡಿ. ರಾಜ ಬಲಗಡೆ ಇದ್ದರೆ ರಾಣಿಗೆ ಒಂದು ಟ್ರಿಕ್ ಸಿಗುತ್ತದೆ.

ಇನ್ನು ಹೊರಗಿರುವ ಎಲೆಗಳ ಹಂಚಿಕೆ. ಐದು ಎಲೆ ಹೊರಗಿದ್ದರೆ 100ಕ್ಕೆ 68 ಸಲ ಮೂರು-ಎರಡು ಆಗಿ ಹಂಚಿರುತ್ತವೆ. ಆರು ಹೊರಗಿದ್ದರೆ ಮೂರು-ಮೂರು ಆಗುವುದು 36 ಸಲ ಮಾತ್ರ, ನಾಲ್ಕು-ಎರಡು 48 ಸಲ. ನಾಲ್ಕು ಹೊರಗಿದ್ದರೆ ಮೂರು-ಒಂದು 50, ಎರಡು-ಎರಡು 41. ಬೆಸ ಸಂಖ್ಯೆಯ ಎಲೆಗಳು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ, ಸರಿ ಸಂಖ್ಯೆಯವು ಜಗಳವಾಡುತ್ತವೆ. ಇಷ್ಟು ನೆನಪಿದ್ದರೆ ಸಾಕು.

ಎರಡು ಅದೃಷ್ಟಗಳಿದ್ದರೆ ಒಂದನ್ನೇ ಆರಿಸಬೇಡಿ, ಎರಡನ್ನೂ ಸಾಲಾಗಿ ಪರೀಕ್ಷಿಸಿ. ಒಂದು ಟ್ರಿಕ್ ಬೇಕು. ಕಳಾವರ್‌ನಲ್ಲಿ ಎಕ್ಕ, ರಾಜ ಸೇರಿ ನಾಲ್ಕು ಎಲೆಗೆ ಮೂರು ಸಣ್ಣೆಲೆ ಜೊತೆ ಇವೆ, ಮೂರು-ಮೂರು ಹಂಚಿದ್ದರೆ ನಾಲ್ಕನೆಯದು ಗೆಲ್ಲುತ್ತದೆ. ಡೈಮಂಡ್‌ನಲ್ಲಿ ಫಿನೆಸ್ ಇದೆ. ಮೊದಲೇ ಫಿನೆಸ್ ಮಾಡಿದರೆ 50. ಮೊದಲು ಕಳಾವರ್ ನೋಡಿ, ಅದು ಆಗದಿದ್ದರೆ ಆಮೇಲೆ ಫಿನೆಸ್ ಮಾಡಿದರೆ 68. ಷರತ್ತು ಒಂದೇ: ಕಳಾವರ್ ಟ್ರಿಕ್ ಬಿಟ್ಟುಕೊಟ್ಟಾಗ ಎದುರಾಳಿಗಳು ಬೇರೆ ಜಾತಿ ಹಿಡಿದು ನಿಮ್ಮನ್ನು ಮುಗಿಸುವಂತಿರಬಾರದು.

ಮನೆಯಲ್ಲಿ ಅಭ್ಯಾಸ

ನಾಲ್ಕು ಜನ ಸಿಗುವ ತನಕ ಕಾಯಬೇಡಿ. ಕಟ್ಟು ಕಲೆಸಿ 26 ಎಲೆಗಳನ್ನು ಎರಡು ಕೈ ಮಾಡಿ ಎದುರುಬದುರು ಬಿಚ್ಚಿಡಿ. ಒಂದು ಕಾಂಟ್ರಾಕ್ಟ್ ಇಟ್ಟುಕೊಳ್ಳಿ. ಬೇಕಾದ ಟ್ರಿಕ್, ಇರುವ ಟ್ರಿಕ್, ಉಳಿದವು ಬರುವ ಜಾತಿ, ಎಂಟ್ರಿ ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಆಮೇಲೆ ಉಳಿದ 26 ಎಲೆಗಳನ್ನು ಬಿಚ್ಚಿ ಆಡಿ ನೋಡಿ. ಚೀಟಿ ಬರೆಯುವುದು ಮಕ್ಕಳಾಟದಂತೆ ಕಾಣುತ್ತದೆ, ಆದರೆ ನನಗೆ ಅದರಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ. ಮೊಬೈಲಿನಲ್ಲಿ ಬ್ರಿಡ್ಜ್ ಬೇಸ್ ಆನ್‌ಲೈನ್ ಇದೆ, ರೋಬೋಟ್ ಜೊತೆ ಆಡಬಹುದು. ಅಲ್ಲಿ ರೋಬೋಟ್ ಕಾಯುತ್ತದೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಳಿಗೆ ಮೇಲಿನ ಒಗ್ಗರಣೆ-ಮಿರ್ಚಿ ಮಾತ್ರ ಅಲ್ಲಿ ಸಿಗದು.

ಆಟದ ನಡುವೆ ಎಣಿಕೆ ತಪ್ಪಿದರೆ ಏನು ಮಾಡುವುದು ಅಂತ ಕೇಳುತ್ತಾರೆ. ಎಲ್ಲವನ್ನೂ ಎಣಿಸಲು ಹೋಗಬೇಡಿ. ತುರುಫಿನ ಆಟದಲ್ಲಿ ತುರುಫು ಮಾತ್ರ, ನೋ ಟ್ರಂಪ್‌ನಲ್ಲಿ ನಿಮ್ಮ ಉದ್ದ ಜಾತಿ ಮಾತ್ರ ಎಣಿಸಿ. ಅದೂ ಬಿದ್ದ ಎಲೆಯನ್ನಲ್ಲ, ಹೊರಗೆ ಉಳಿದದ್ದನ್ನು. ಐದು ಹೊರಗಿತ್ತು, ಎರಡು ಬಿತ್ತು, ಮೂರು ಉಳಿಯಿತು, ಹೀಗೆ. ಪ್ಲಾನ್ ಕೆಟ್ಟಿತು ಅಂತ ಅನ್ನಿಸಿದ ಕೂಡಲೇ ಮತ್ತೆ ಎಲೆ ಬೋರಲು ಇಟ್ಟು, ಈಗಿರುವ ಎಲೆಗಳಿಂದ ಹೊಸದಾಗಿ ಎಣಿಸಿ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ಮೇಲಿನ ನಾಲ್ಕು ಇಸ್ಪೀಟಿನ ಕೈಯನ್ನೇ ತೆಗೆದುಕೊಳ್ಳಿ. ಎಡಗಡೆಯವರು ಕಳಾವರ್ ಬದಲು ಮೊದಲೇ ಸಣ್ಣ ತುರುಫು ಹಾಕಿದರು ಅನ್ನಿ. ನೀವು ಅದನ್ನು ತೆಗೆದ ಮೇಲೆ ಇನ್ನೊಂದು ಸುತ್ತು ತುರುಫು ಎಳೆಯಬಹುದಾ? ಬೆರಳು ಮಡಚಿ ಲೆಕ್ಕ ಹಾಕಿ. ಡಮ್ಮಿಯಲ್ಲಿ ತುರುಫು ಮೂರು. ಮೊದಲ ಎಲೆಗೆ ಒಂದು ಹೋಯಿತು. ಆಟೀನು ಬಿಟ್ಟುಕೊಟ್ಟಾಗ ಅವರು ಮತ್ತೆ ತುರುಫು ಆಡುತ್ತಾರೆ, ಇನ್ನೊಂದು ಹೋಯಿತು. ಉಳಿದದ್ದು ಒಂದು, ಮೂರನೇ ಆಟೀನಿಗೆ ಸರಿಯಾಗಿ ಅಷ್ಟೇ. ನಡುವೆ ನೀವೊಂದು ಸುತ್ತು ಎಳೆದರೆ ಸೊನ್ನೆ. ಹಾಗಾಗಿ ಮೊದಲ ತುರುಫನ್ನು ಡಮ್ಮಿಯ 3 ಹಾಕಿ ಕೈಯಲ್ಲಿ ತೆಗೆಯಿರಿ, ಕೂಡಲೇ ಆಟೀನು ಎಕ್ಕ, ಆಮೇಲೆ ಸಣ್ಣ ಆಟೀನು. ಅವರ ಎರಡನೇ ತುರುಫಿಗೆ ಡಮ್ಮಿಯ 9 ಹಾಕಿ ಮತ್ತೆ ಕೈಯಲ್ಲೇ ತೆಗೆಯಿರಿ, ಮೂರನೇ ಆಟೀನನ್ನು ರಾಜನಿಂದ ಹೊಡೆಯಿರಿ. ಈಗ ಡಮ್ಮಿಯಲ್ಲಿ ತುರುಫು ಇಲ್ಲ, ಕೈಗೆ ಬರಲು ಡೈಮಂಡ್ ರಾಜ ಇದ್ದಾನೆ. ಅವನಿಂದ ಬಂದು ಹೊರಗೆ ಉಳಿದ ತುರುಫು ಎಳೆದುಕೊಳ್ಳಿ.